ಹನ್ನೊಂದು ಹಾಡಿಗೆ ನಾನು ಹೇಳಿದ ಅರ್ಥ

ಮೊದಲು ಕೆಟ್ಟದ್ದು ಧ್ವನಿ.

ಜ್ವರ ಇರಲಿಲ್ಲ. ನೋವೂ ಇರಲಿಲ್ಲ. ಒಂದು ಬೆಳಿಗ್ಗೆ ನನ್ನ ಗಂಡ ಬಚ್ಚಲಿನಿಂದ ಸೋಪು ಕೇಳಿದರು. ಬೇರೆ ಯಾರೋ ಕೇಳಿದಂತಿತ್ತು. ಒಣ ಎಲೆಯ ಮೇಲೆ ಕಾಲಿಟ್ಟ ಹಾಗೆ. “ಗಂಟಲಕ್ಕ ಏನಾತ್ರಿ?” ಅಂದೆ. “ಏನಿಲ್ಲ, ನಿನ್ನೆ ಒದರಿದ್ನಲ್ಲ,” ಅಂದರು. ಅವರು ದಿನಾ ಒದರುವವರು. ಹೀಗಾಗಿ ನಂಬಿದೆ.

ಅವರ ಹೆಸರು ನೇಮಣ್ಣ. ಐವತ್ತೆರಡು ವರ್ಷದ ಸಂಸಾರದಲ್ಲಿ ಈ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ನನ್ನ ಕಾಲದ ಹೆಂಗಸರು ಹೇಳುತ್ತಿರಲಿಲ್ಲ. ಇಲ್ಲಿ ಹೆಸರು ಹಿಡಿದೇ ಬರೆಯುತ್ತೇನೆ. ಈ ವರ್ಷ ನಡೆದದ್ದನ್ನು ನೋಡಿದರೆ ಅಷ್ಟು ಹಕ್ಕು ನನಗಿದೆ.

ನೇಮಣ್ಣ ನಿಪ್ಪಾಣಿಯ ತಂಬಾಕು ಪೇಟೆಯಲ್ಲಿ ದಲಾಲರು. ಕೊಳ್ಳುವವನ ಕೈ, ಮಾರುವವನ ಕೈ, ಎರಡರ ಮೇಲೂ ಒಂದು ಟವೆಲ್ ಹಾಸಿ, ಅದರ ಕೆಳಗೆ ಬೆರಳು ಒತ್ತಿ ದರ ಕುದುರಿಸುವ ಹಳೆಯ ರೀತಿ ಅವರದು. ಒಂದು ಬೆರಳು, ಎರಡು ಬೆರಳು, ಇಡೀ ಮುಷ್ಟಿ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಪೇಟೆಯಲ್ಲಿ ಹೀಗೆ ಮೌನವಾಗಿ ದುಡಿದ ಮನುಷ್ಯ ಮಾತನ್ನೆಲ್ಲ ಉಳಿಸಿಕೊಂಡು ಮನೆಗೆ ತರುತ್ತಿದ್ದರು. ಜೋರಾಗಿ.

ಮೂರು ವಾರವಾದರೂ ಧ್ವನಿ ತಿಳಿಯಾಗಲಿಲ್ಲ. ಚಿಕ್ಕೋಡಿಯ ಕೋರ್ಟಿನಲ್ಲಿ ಏನೋ ಕೆಲಸವಿತ್ತು; ಅದು ಮುಗಿದ ಮೇಲೆ ಅಲ್ಲಿಯೇ ಒಬ್ಬ ಇಎನ್‌ಟಿ ಡಾಕ್ಟರಿಗೆ ತೋರಿಸಿದೆವು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಎಲೊಕ್ಯೂಷನ್ನಿನಲ್ಲಿ ಕಪ್ ಗೆದ್ದವಳು. ಬಿಳಿ ಗೌನಿನ ಸಿಸ್ಟರ್ ನನ್ನ ಗದ್ದ ಹಿಡಿದೆತ್ತಿ, ‘ಯು ವಿಲ್ ಗೋ ಫಾರ್, ಚೈಲ್ಡ್’ ಅಂದಿದ್ದರು. ನಾನು ಬಂದದ್ದು ನಿಪ್ಪಾಣಿಯವರೆಗೆ. ನನ್ನ ಇಂಗ್ಲಿಷ್ ಇಲ್ಲಿ ಗುಜರಾತಿನ ವ್ಯಾಪಾರಿಗಳಿಗೆ ಪತ್ರ ಬರೆಯುವುದಕ್ಕೆ, ಔಷಧದ ಚೀಟಿ ಓದುವುದಕ್ಕೆ ಬಿಟ್ಟರೆ ಬೇರೆ ಯಾತಕ್ಕೂ ಬರಲಿಲ್ಲ. ಆದ್ದರಿಂದ ಡಾಕ್ಟರ್ ಯಾರಾದರೂ ಸಿಕ್ಕರೆ ನಾನು ಇಂಗ್ಲಿಷಿನಲ್ಲೇ ಶುರು ಮಾಡಿಬಿಡುತ್ತೇನೆ. ಇದೊಂದು ವೀಕ್‌ನೆಸ್.

“ಎನಿ ಹ್ಯಾಬಿಟ್ಸ್?” ಎಂದು ಅವರು ಕೇಳಿದರು.

“ನೋ ಹ್ಯಾಬಿಟ್ಸ್, ಡಾಕ್ಟರ್. ವಿ ಆರ್ ಜೈನ್ಸ್,” ಅಂದೆ. ಕುತ್ತಿಗೆ ನೆಟ್ಟಗೆ ಮಾಡಿಕೊಂಡೇ ಅಂದೆ.

“ಏನ ಕೇಳಿದ್ರು?” ಅಂದರು ನೇಮಣ್ಣ.

“ಚಟಾ ಅದಾವೇನು ಅಂತ.”

“ಚಟಾ? ನನಗ?” ಅವರು ನಕ್ಕರು. ನಗು ಕೆಮ್ಮಾಯಿತು.

ಡಾಕ್ಟರ್ ಆಸಿಡಿಟಿಗೆ ಗುಳಿಗೆ ಬರೆದರು, ಮಾತು ಕಡಿಮೆ ಮಾಡಿ ಅಂದರು, ಹದಿನೈದು ದಿನ ಬಿಟ್ಟು ಬನ್ನಿ ಅಂದರು. ಅವರದೇನೂ ತಪ್ಪಿಲ್ಲ. ನಾನು ಹೇಳಿದ್ದನ್ನು ಅವರು ಬರೆದುಕೊಂಡರು. ಧ್ವನಿ ನಡುವೆ ಸ್ವಲ್ಪ ಸುಧಾರಿಸಿದ ಹಾಗೆ ಕಂಡಿತು. ನಾವು ಮತ್ತೆ ಹೋಗಲಿಲ್ಲ.

ಮೂರು ತಿಂಗಳು ಹೋಯಿತು.

ನಾನು ಹೇಳದೆ ಬಿಟ್ಟದ್ದು ಇದು: ನೇಮಣ್ಣ ತಂಬಾಕು ತಿನ್ನುತ್ತಿರಲಿಲ್ಲ, ಸೇದುತ್ತಿರಲಿಲ್ಲ. ಪರೀಕ್ಷೆ ಮಾಡುತ್ತಿದ್ದರು. ಸುಗ್ಗಿಯಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಒಂದು ಚಿಟಿಕೆ ಎಲೆ ತುಟಿಯ ಕೆಳಗಿಟ್ಟು, ಖಾರ ನೋಡಿ, ಉಗುಳುವರು. ಇನ್ನೊಂದು ಚೂರನ್ನು ಸುತ್ತಿ, ಹೊತ್ತಿಸಿ, ಎರಡು ಎಳೆತ ಎಳೆದು, ಆರಿಸುವರು. ಐವತ್ತು ವರ್ಷ. ನಮ್ಮ ಪೇಟೆಯ ಯಾವ ಮನೆಯಲ್ಲೂ ಅದನ್ನು ಚಟವೆಂದು ಎಣಿಸುವುದಿಲ್ಲ. ಅದು ಕೆಲಸ. ಕೆಲಸ ಮುಗಿಸಿ, ಬಾಯಿ ಮುಕ್ಕಳಿಸಿ, ಬಸದಿಗೆ ಹೋಗಿ ಕೈಮುಗಿಯುವವನಿಗೆ ಚಟವಿದೆ ಎಂದು ಯಾರು ತಿಳಿಯುತ್ತಾರೆ? ನಾನು ಸುಳ್ಳು ಹೇಳಲು ಹೋಗಿರಲಿಲ್ಲ. ಆದರೂ ಅದು ಸುಳ್ಳೇ. ಒಳ್ಳೆಯ ಗ್ರಾಮರ್‌ನಲ್ಲಿ ಹೇಳಿದ ಸುಳ್ಳು.

ಮೆಟ್ಟಿಲು ಹತ್ತಿದರೆ ಉಸಿರು ಸೀಟಿ ಹೊಡೆಯತೊಡಗಿದಾಗ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿಯ ಸರ್ಜನ್ ಒಬ್ಬ ಎಳೆಯ ಹೆಣ್ಣುಮಗಳು. ಅವಳು ಚಟ ಕೇಳಲಿಲ್ಲ, ಉದ್ಯೋಗ ಕೇಳಿದಳು. ಹೇಳಿದೆ. ಪೆನ್ನು ಕೆಳಗಿಟ್ಟಳು.

“ಟೇಸ್ಟ್ ಮಾಡೋರು ಯಾರು?”

ನೇಮಣ್ಣ ಬೆರಳೆತ್ತಿದರು. ಹೆಮ್ಮೆಯಿಂದ. “ನಾನ. ನಿಪ್ಪಾಣ್ಯಾಗ ಇಂಥಾ ನಾಲಿಗಿ ಇನ್ನೊಂದಿಲ್ರಿ ಬಾಯಾರ.”

ಗಂಟಲೊಳಗೆ ಸ್ಕೋಪ್ ಹಾಕಿದರು. ಬಯಾಪ್ಸಿ ಕಳಿಸಿದರು. ಸ್ಕ್ಯಾನ್ ಮಾಡಿದರು. ನಾಲ್ಕನೆಯ ದಿನ ಅವಳು ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಹೇಳಿದಳು. ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಗಂಟಲಿನ ಕ್ಯಾನ್ಸರ್. ಸ್ಟೇಜ್ ತ್ರೀ. ಟೋಟಲ್ ಲ್ಯಾರಿಂಜೆಕ್ಟಮಿ. ಧ್ವನಿಪೆಟ್ಟಿಗೆಯನ್ನೇ ತೆಗೆಯುವುದು. ಆಮೇಲೆ ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ ಉಸಿರಾಟ.

“ವಿಲ್ ಹಿ ಸ್ಪೀಕ್?” ಅಂದೆ.

“ನಾಟ್ ಇನ್ ಹಿಸ್ ಓನ್ ವಾಯ್ಸ್.”

ನೇಮಣ್ಣ ನನ್ನ ಸೆರಗು ಎಳೆದರು. “ಏನಂದ್ಳು?”

“ಆಪರೇಷನ್ ಆದ ಮ್ಯಾಲ ಸ್ವಲ್ಪ ದಿನಾ ಧ್ವನಿ ಇರಂಗಿಲ್ಲಂತ್ರಿ.”

“ಸ್ವಲ್ಪ ದಿನ ಅಲ್ಲ ಅಜ್ಜಿ,” ಅಂದಳು ಆ ಹುಡುಗಿ, ಸ್ವಚ್ಛ ಕನ್ನಡದಲ್ಲಿ. “ಅವರಿಗೆ ನಿಜ ಹೇಳಿ. ಇನ್ನು ಯಾವತ್ತೂ ಇರೋದಿಲ್ಲ.”

ನೇಮಣ್ಣ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದರು.

“ಹಿಂಗ ಏನೇನ ಹೇಳೀಯೋ ನನಗ, ಇಷ್ಟ ವರ್ಷ,” ಅಂದರು.

 ಹೇಳಿದ್ದೆ. ಬಹಳ ಹೇಳಿದ್ದೆ.

ಇಲ್ಲಿ ನನ್ನ ಮಗನ ವಿಷಯ ಬರಬೇಕು. ಸಮ್ಮೇದ ನಮಗೆ ಒಬ್ಬನೇ. ಈಗ ನಲವತ್ತನಾಲ್ಕು. ಕೊಲ್ಹಾಪುರದಲ್ಲಿ ಗಿಟಾರ್ ಕ್ಲಾಸ್ ನಡೆಸುತ್ತಾನೆ, ರಾಕ್ ಬ್ಯಾಂಡ್ ಒಂದಿದೆ, ಅದಕ್ಕೆ ಹಾಡು ಬರೆಯುವವನೂ ಹಾಡುವವನೂ ಅವನೇ. ಹಾಡೆಲ್ಲ ಇಂಗ್ಲಿಷಿನಲ್ಲಿ. ಅವನಿಗೆ ಇಂಗ್ಲಿಷ್ ಕಲಿಸಿದ್ದು ನಾನು. ಅಡುಗೆಮನೆಯ ನೆಲದ ಮೇಲೆ, ನನ್ನ ಹಳೆಯ ಪಠ್ಯಪುಸ್ತಕಗಳಿಂದ, ಪ್ರೊನನ್ಸಿಯೇಷನ್ ತಿದ್ದಿ ತಿದ್ದಿ. ‘ಮಮ್ಮಿ’ ಎಂದು ಕರೆಯಲು ಕಲಿಸಿದವಳೂ ನಾನೇ. ಅಪ್ಪನಿಗೆ ಅರ್ಥವಾಗದ ಒಂದು ಕೋಣೆಯನ್ನು ನಾವಿಬ್ಬರೂ ಆ ಭಾಷೆಯಲ್ಲಿ ಕಟ್ಟಿಕೊಂಡೆವು. ಹುಡುಗ ದೊಡ್ಡವನಾದ ಮೇಲೆ ಆ ಕೋಣೆಗೆ ಅಪ್ಪನನ್ನು ಎಳೆದು ತಂದು, ಬಾಗಿಲು ಹಾಕಿ, ಹಾಡಿನಿಂದ ಬಡಿದ.

ಒಮ್ಮೆ ಕೇಳಿದ್ದೆ, ಕನ್ನಡದಲ್ಲಿ ಯಾಕೆ ಬರೆಯುವುದಿಲ್ಲ ಎಂದು. “ಕನ್ನಡದಾಗ ಯಾವ ಶಬ್ದಾ ಎತ್ತಿದ್ರೂ ಅಪ್ಪನ ಧ್ವನಿನ ಕೇಳಸ್ತೈತಿ, ಮಮ್ಮಿ. ಅಂವಾ ಬೈಯ್ಯಲಾರದ ಶಬ್ದ ಒಂದೂ ಉಳಿದಿಲ್ಲ,” ಅಂದಿದ್ದ. ಅವನ ಸಾಲುಗಳು ತುಂಡು ತುಂಡು. ಮೂರು ಶಬ್ದ, ನಾಲ್ಕು ಶಬ್ದ, ಮುಗಿಯಿತು. ಪತ್ರಿಕೆಯವರು ಅದನ್ನು ಸ್ಟೈಲ್ ಅಂದರು. ನನಗೆ ಗೊತ್ತು ಅದೆಲ್ಲಿಂದ ಬಂತೆಂದು. ನಮ್ಮ ಮನೆಯ ಊಟದ ತಟ್ಟೆಯ ಮುಂದೆ ಆ ಹುಡುಗನಿಗೆ ಐದನೆಯ ಶಬ್ದ ಹೇಳಲು ಬಿಟ್ಟವರಿರಲಿಲ್ಲ.

ಇಪ್ಪತ್ತು ವರ್ಷದಲ್ಲಿ ಹನ್ನೊಂದು ಹಾಡು ಅಪ್ಪನ ಮೇಲೆ. ಕೊನೆಯ ಒಂಬತ್ತು ವರ್ಷ ಅಪ್ಪ ಮಗ ಮಾತಾಡಿಲ್ಲ. ಆದರೆ ಹೊಸ ಹಾಡು ಬಂತೆಂದರೆ ನೇಮಣ್ಣ ಪೇಪರಿನಿಂದ ಕಣ್ಣೆತ್ತದೆ ಕೇಳುವರು, “ಏನ ಒದರ್ಯಾನಂತ ಈ ಸಲಾ?” ನಾನು ಮೊಬೈಲ್ ಹಚ್ಚುವೆ. ಪೂರ್ತಿ ಕೇಳುವರು. “ಅರ್ಥಾ?” ಎನ್ನುವರು.

ನಾನು ಅರ್ಥ ಹೇಳುತ್ತಿದ್ದೆ.

“ಮಳಿ ಬಗ್ಗೆರಿ.” “ಒಂದು ಕುದುರಿ ಬಗ್ಗೆರಿ, ತಪ್ಪಿಸ್ಕೊಂಡ ಕುದುರಿ.” “ದೇವರ ಬಗ್ಗೆರಿ.”

“ದೇವರ ಹಾಡಿಗೆ ಇಷ್ಟ ಬಡದಾಟ ಯಾಕ?” ಎಂದು ಗೊಣಗಿ, ಮರುದಿನ ಪೇಟೆಯಲ್ಲಿ, “ನಮ್ಮಾಂವ ಇಂಗ್ಲಿಷ್‌ನ್ಯಾಗ ದೇವರ ಹಾಡ ಮಾಡ್ಯಾನ” ಎಂದು ಹೇಳಿಕೊಂಡು ಬರುವರು. ನಾನೇನು ಮಾಡಲಿ? ಪ್ರತಿ ಸುಳ್ಳಿಗೂ ಒಂದು ದಿನದ ಶಾಂತಿ ಸಿಗುತ್ತಿತ್ತು. ಅದನ್ನು ತೆಗೆದುಕೊಂಡೆ. ನನಗಿದ್ದ ದುಃಖವೊಂದೇ, ಹನ್ನೊಂದು ಹಾಡಿನಲ್ಲಿ ಅಮ್ಮನ ಬಗ್ಗೆ ಒಂದು ಸಾಲೂ ಇಲ್ಲವಲ್ಲ ಎಂದು.

ಬಯಾಪ್ಸಿ ರಿಪೋರ್ಟ್ ಬಂದ ದಿನ ಸಮ್ಮೇದನಿಗೆ ಫೋನ್ ಮಾಡಿದೆ. 

“ಬರ್ತೇನಿ. ಆದ್ರ ಮಾತಾಡಸಂಗಿಲ್ಲ.”

“ಇನ್ನ ಅವರೂ ಮಾತಾಡಂಗಿಲ್ಲ, ಬಾ,” ಅಂದೆ.

ಆಪರೇಷನ್ ಒಂಬತ್ತು ತಾಸು ನಡೆಯಿತು. ಐಸಿಯುದಿಂದ ವಾರ್ಡಿಗೆ ತಂದಾಗ ನೇಮಣ್ಣನ ಕುತ್ತಿಗೆಯ ಬುಡದಲ್ಲಿ ಒಂದು ಗುಂಡನೆಯ ತೂತು. ಸ್ಟೋಮಾ. ಉಸಿರು ಅಲ್ಲಿ ಬರುತ್ತಿತ್ತು, ಅಲ್ಲಿಯೇ ಹೋಗುತ್ತಿತ್ತು. ಮೂಗಿನಲ್ಲಿ ರೈಲ್ಸ್ ಟ್ಯೂಬ್, ಊಟಕ್ಕೆ. ಬಾಯಿ ತೆರೆದರು, ತುಟಿ ಆಡಿಸಿದರು. ಏನೂ ಬರಲಿಲ್ಲ. ಗಾಳಿಯೂ ಬರಲಿಲ್ಲ.

ಮಕ್ಕಳ ಪಾಟಿ, ಬಳಪ ತಂದಿಟ್ಟಿದ್ದೆ. ಮೊದಲು ಬರೆದದ್ದು, ‘ನೀರು’. ಕೊಡುವಂತಿರಲಿಲ್ಲ.

ಸಮ್ಮೇದ ಎರಡೇ ದಿನದಲ್ಲಿ ಎಲ್ಲ ಕಲಿತ.  ಸಕ್ಷನ್ ಪೈಪ್ ಸ್ಟೋಮಾದೊಳಗೆ ಇಳಿಸಲು ನನಗಾಗಲಿಲ್ಲ. ಅವನು ಗಿಟಾರಿನ ತಂತಿ ಹಿಡಿದ ಕೈಯಿಂದ ಅದನ್ನು ಹಗುರಾಗಿ ಇಳಿಸಿ ಕಫ ತೆಗೆಯುತ್ತಿದ್ದ. ಅಪ್ಪ ಸೂರು ನೋಡುತ್ತಿದ್ದರು, ಮಗ ಪೈಪ್ ನೋಡುತ್ತಿದ್ದ.

ಮೊದಲ ತಂಟೆ ಊಟದ್ದು. ಡಯಟಿಷಿಯನ್ ಚಾರ್ಟಿನಲ್ಲಿ ದಿನಕ್ಕೆ ಒಂಬತ್ತು ಫೀಡ್, ಟ್ಯೂಬಿನಲ್ಲಿ ಇಳಿಸುವ ಊಟ. ಅದರಲ್ಲಿ ಎರಡು, ಹೊತ್ತು ಮುಳುಗಿದ ಮೇಲೆ. ಸೂರ್ಯ ಇಳಿದ ನಂತರ ನೇಮಣ್ಣ ಏನನ್ನೂ ತೆಗೆದುಕೊಳ್ಳುವವರಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ಹಿಡಿಯುವ ನೇಮ ಅದು. ಸಂಜೆ ಸಿಸ್ಟರ್ ಸಿರಿಂಜ್ ಹಿಡಿದು ಬಂದಳು. ಅವರು ಟ್ಯೂಬನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಬಿಟ್ಟರು. ಸಿಸ್ಟರ್ ಗದರಿದಳು, ನಾನು ಬೇಡಿಕೊಂಡೆ. ಆಗ ಸಮ್ಮೇದ ಮಂಚದ ಸರಳಿನ ಮೇಲಿದ್ದ ಟವೆಲ್ ಎಳೆದು, ಅಪ್ಪನ ಇನ್ನೊಂದು ಕೈಯ ಮೇಲೆ ಹಾಕಿ, ತನ್ನ ಕೈ ಒಳಗಿಟ್ಟ.

ನೇಮಣ್ಣನ ಹುಬ್ಬು ಮೇಲೇರಿತು.

ಅರ್ಧ ನಿಮಿಷ ಟವೆಲ್ ಅಲುಗಿತು. ಆಮೇಲೆ ಸಮ್ಮೇದ, “ಏಳಕ್ಕ ಒಪ್ಪ್ಯಾರ. ಹಗಲಿನ್ಯಾಗ ಒಂದೊಂದಕ್ಕೂ ಸ್ವಲ್ಪ ಹೆಚ್ಚಿಗಿ ಹಾಕ್ರಿ, ಸಿಸ್ಟರ್,” ಅಂದ. ಸರ್ಜನ್ ಲೆಕ್ಕ ನೋಡಿ, ನಡೆಯುತ್ತದೆ ಅಂದಳು.

“ನಿನಗ ಬೆರಳಿನ ಮಾತ ಯಾರ ಕಲಿಸಿದ್ರೋ?” ಅಂದೆ ಹೊರಗೆ ವರಾಂಡದಲ್ಲಿ.

“ಯಾರ ಕಲಸ್ತಾರ? ಸಣ್ಣಾವಿದ್ದಾಗ ಟವೆಲ್ ಮ್ಯಾಲಿನ ಮಡಿಕಿ ನೋಡಿ ನೋಡಿ ಕಲ್ತೆ.”

ಎಲ್ಲ ಸರಿಹೋಗುತ್ತಿದೆ ಅಂದುಕೊಂಡೆ. ಆರನೆಯ ದಿನ ಐನಾಪುರದಿಂದ ಪದ್ಮಕ್ಕ ಬಂದಳು. ನೇಮಣ್ಣನ ತಂಗಿ. ಸಣ್ಣ ಬಾಟಲಿಯಲ್ಲಿ ಬಸದಿಯ ಗಂಧೋದಕ ತಂದಿದ್ದಳು. ಅಣ್ಣನ ಹಣೆಗೆ ಹಚ್ಚಿದಳು, ಅತ್ತಳು, ಮೂಗು ಒರೆಸಿಕೊಂಡಳು. ಸಮ್ಮೇದ ಸಕ್ಷನ್ ಬಾಟಲಿ ತೊಳೆಯಲು ಹೋಗಿದ್ದ.

“ಅಣ್ಣಾ, ನಿನಗ ಯಾರೂ ಹೇಳಿಲ್ಲ, ನಾ ಹೇಳ್ತೇನಿ. ನಮ್ಮ ಮೊಮ್ಮಗಳು ಚಿಕ್ಕೋಡಿ ಕಾಲೇಜಿನ್ಯಾಗ ಇಂಗ್ಲಿಷ್ ಕಲಿಯಾಕತ್ತಾಳ. ಇವನ ಹಾಡಿನ ಅರ್ಥಾ ಬಿಡಿಸಿ ಹೇಳಿದ್ಲು. ಎಲ್ಲಾ ನಿನ್ನ ಬೈದದ್ದ! ನಿನ್ನ ಬಾಯಿ ಬಂದ್ ಆಗ್ತೈತಿ ಅಂತ ಹಾಡ್ಯಾನ. ಆತಲ್ಲ ನೋಡು! ಮಗನ ಶಾಪಾ ಗಂಟಲಕ್ಕ ಹತ್ತೇತಿ.”

“ಪದ್ಮಕ್ಕಾ, ಬಾಯಿ ಮುಚ್ಚು,” ಅಂದೆ. ಐವತ್ತೆರಡು ವರ್ಷದಲ್ಲಿ ನಾದಿನಿಗೆ ಹಾಗೆ ಅಂದವಳಲ್ಲ. “ಶಾಪಕ್ಕ ಕ್ಯಾನ್ಸರ್ ಆಗಂಗಿಲ್ಲ. ತಂಬಾಕಕ್ಕ ಆಗ್ತೈತಿ. ರಿಪೋರ್ಟ್ ಐತಿ ನನ್ನ ಕಡೆ, ಓದಿ ಹೇಳಲೇನು?”

“ನೀ ಓದಿ ಹೇಳಿದ್ದ ಹಣೇಬರಾ ನೋಡಾಕತ್ತೇವಲ್ಲ!” ಅಂದಳು.

ರಿಪೋರ್ಟಿನ ಚೀಲಕ್ಕೆ ಹಾಕಿದ್ದ ಕೈಯನ್ನು ಹಿಂದಕ್ಕೆ ತೆಗೆದೆ.

ನೇಮಣ್ಣ ಪಾಟಿ ಎಳೆದುಕೊಂಡರು. ಬಳಪ ಕಿರುಗುಟ್ಟಿತು. ನನ್ನ ಕಡೆ ತಿರುಗಿಸಿ ಹಿಡಿದರು.

‘ಮಳಿ? ಕುದುರಿ? ದೇವರು?’

ತಲೆಯಲ್ಲಾಡಿಸಿದೆ. ಇಲ್ಲ ಎಂದು.

ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಅವತ್ತು ಮೂರು ಗಂಟೆಯ ಫೀಡ್ ಬೇಡ ಅಂದರು. ಐದರದ್ದೂ ಬೇಡ. ಮರುದಿನ ಇಡೀ ದಿನ ಬೇಡ. ಟ್ಯೂಬ್ ಮುಷ್ಟಿಯಲ್ಲಿತ್ತು. ಸಮ್ಮೇದ ಟವೆಲ್ ಹಿಡಿದು ಹೋದರೆ ಕೈಯನ್ನು ಎದೆಯ ಕೆಳಗೆ ಹಾಕಿಕೊಂಡರು. ಸಕ್ಷನ್ ಮಾತ್ರ ಬಿಟ್ಟುಕೊಟ್ಟರು, ಉಸಿರು ಕಟ್ಟಿದಾಗ, ಕಣ್ಣುಮುಚ್ಚಿ. ಸರ್ಜನ್ ನನ್ನನ್ನು ಹೊರಗೆ ಕರೆದಳು. ಒಳಗಿನ ಹೊಲಿಗೆ ಇನ್ನೂ ಹಸಿ ಇದೆ, ನ್ಯೂಟ್ರಿಷನ್ ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ, ಲೀಕ್ ಆದರೆ ರೇಡಿಯೇಷನ್ ತಡವಾಗುತ್ತದೆ, ತಡವಾದರೆ ಈ ಆಪರೇಷನ್ ಮಾಡಿಯೂ ಉಪಯೋಗವಿಲ್ಲ. ಸಲೈನ್ ಎಷ್ಟು ದಿನ? “ಅವರಿಗೆ ಬದುಕಬೇಕು ಅನ್ನಿಸಬೇಕಲ್ಲ, ಅಜ್ಜಿ.”

“ನಾ ಹೋಗ್ತೇನಿ,” ಅಂದ ಸಮ್ಮೇದ. “ನಾ ಇದ್ರ ಅಂವಾ ತಿನ್ನಂಗಿಲ್ಲ.”

“ಕೂಡು,” ಅಂದೆ. “ಇಬ್ಬರೂ ಸೇರಿ ನನ್ನ ಸಾಯಸ್ತೀರಿ.”

ಸಿಟ್ಟು ಬಂದಿತ್ತು. ಯಾರ ಮೇಲೆಂದು ಈಗಲೂ ವಿಂಗಡಿಸಿ ಹೇಳಲಾರೆ. ಮರುದಿನ ಬೆಳಿಗ್ಗೆ ಫೀಡ್ ತುಂಬಿದ ಸಿರಿಂಜ್ ಕೈಯಲ್ಲಿ ಹಿಡಿದು, ಸ್ಟೂಲು ಎಳೆದು, ಗೋಡೆ ಮತ್ತು ಮಂಚದ ನಡುವಿನ ಸಂದಿಯಲ್ಲಿ ಕುಳಿತೆ. ಅವರ ಮುಖ ನನ್ನ ಮುಖದ ಎದುರಿಗೇ ಬಂತು.

“ಪದ್ಮಕ್ಕ ನಿಮಗ ಅರ್ಧಾ ಸಾಲ ಹೇಳ್ಯಾಳ್ರಿ. ಪೂರ್ತಿ ನನಗ ಗೊತ್ತೈತಿ. ಹನ್ನೊಂದು ಹಾಡು ಅದಾವ. ಒಂದು ಫೀಡಿಗೆ ಒಂದು. ಫೀಡ್ ತಗೊಂಡ್ರ ಅರ್ಥಾ ಹೇಳ್ತೇನಿ. ಈ ಸಲಾ ಖರೇ ಅರ್ಥಾ. ಇಲ್ಲಂದ್ರ ನಾನೂ ಊಟಾ ಮಾಡಂಗಿಲ್ಲ, ನೀವೂ ಮಾಡಬ್ಯಾಡ್ರಿ, ಇಬ್ಬರನೂ ಒಂದ ಗಾಡಿಯಾಗ ನಿಪ್ಪಾಣಿಗೆ ಒಯ್ಯಲಿ.”

ಟ್ಯೂಬ್ ಹಿಡಿದ ಅವರ ಮುಷ್ಟಿ ಸಡಿಲಾಯಿತು.

ಮೊದಲ ಹಾಡು, ಪದ್ಮಕ್ಕ ಹೇಳಿದ್ದೇ. ಹಾಲುಬಣ್ಣದ ಫೀಡ್ ಟ್ಯೂಬಿನಲ್ಲಿ ಇಳಿಯುತ್ತಿದ್ದಂತೆ ಹೇಳಿದೆ: ಒಂದು ದಿನ ನಿನ್ನ ಬಾಯಿ ಸುಮ್ಮನಾಗುತ್ತದೆ, ಆ ದಿನ ನಾನು ಏನನ್ನು ಹಾಡಲಿ? ಎರಡನೆಯ ಅರ್ಧ ಕೇಳಿ ಅವರು ಕಣ್ಣು ಮುಚ್ಚಿದರು. ಮತ್ತೆ ಹೇಳು ಎಂದು ಬೆರಳು ಸುತ್ತಿಸಿದರು. ಮತ್ತೆ ಹೇಳಿದೆ.

ಸಮ್ಮೇದ ಕಿಟಕಿಯ ಬಳಿ ನಿಂತಿದ್ದ. ಹೊರಗೆ ಹೋಗು ಅಂತ ಯಾರೂ ಅನ್ನಲಿಲ್ಲ. ಅವನೂ ಹೋಗಲಿಲ್ಲ.

ಎರಡನೆಯದರಲ್ಲಿ ಗೋಡೌನಿನ ಮಾತು. ಪರೀಕ್ಷೆಗೆ ಹೋಗದೆ ಗಿಟಾರ್ ಕಲಿಯಲು ಹೋದನೆಂದು ತಂಬಾಕಿನ ಬೇಲುಗಳ ನಡುವೆ ಕೂಡಿಹಾಕಿದ್ದು, ಕೀಲಿ ಅಪ್ಪನ ದಿಂಬಿನ ಕೆಳಗೆ ಮಲಗಿದ್ದು. ನೇಮಣ್ಣ ಪಾಟಿ ತೆಗೆದುಕೊಂಡರು. ನಾನು ಹೆದರಿದೆ. ಬರೆದರು: ‘ದಿಂಬಲ್ಲ. ಉಡದಾರಕ್ಕ ಕಟ್ಟಿದ್ದೆ.’

ನಾಲ್ಕನೆಯದರಲ್ಲಿ ಅಪ್ಪನನ್ನು ಧೂಳಿನ ರಾಜ ಅಂದಿದ್ದ. ‘ಧೂಳು ಅಲ್ಲ. ಎಲಿ.’

ಹೀಗೆ. ಹಾಡು ಹೇಳುವುದು, ಫೀಡ್ ಇಳಿಯುವುದು, ಬಳಪ ಕಿರುಗುಟ್ಟುವುದು. ವಾರ್ಡಿನ ಸಿಸ್ಟರುಗಳು ನಾವೇನೋ ಪುರಾಣ ಓದುತ್ತೇವೆ ಅಂದುಕೊಂಡಿದ್ದರು. ನಾನು ಏನನ್ನೂ ಮೃದು ಮಾಡಲಿಲ್ಲ. ಕೆಟ್ಟ ಶಬ್ದವಿದ್ದಲ್ಲಿ ಕೆಟ್ಟ ಶಬ್ದವನ್ನೇ ಹೇಳಿದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಎಲೊಕ್ಯೂಷನ್ ಇಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು. ಏಳನೆಯ ಹಾಡು: ಟವೆಲ್ಲಿನ ಕೆಳಗೆ ನಿನ್ನ ಕೈ ಎಲ್ಲರಿಗೂ ಒಂದು ಬೆಲೆ ಹೇಳಿತು, ನನ್ನ ಕೈ ಬಂದಾಗ ಟವೆಲ್ ಮಡಚಿಟ್ಟೆ. ಅವರು ಬಳಪ ಹಿಡಿದುಕೊಂಡೇ ನಿದ್ದೆಹೋದರು.

ಎರಡನೆಯ ದಿನ ಬೆಳಿಗ್ಗೆ ಒಂಬತ್ತನೆಯದು. ಅದನ್ನು ನಾನು ‘ದೇವರ ಹಾಡು’ ಎಂದಿದ್ದೆ.

“ನೀ ನನ್ನ ಒಮ್ಮೆ ಹೊಡದಿ,” ಎಂದು ಶುರು ಮಾಡಿದೆ. ನಿಂತೆ.

ಮುಂದಿನ ಅರ್ಧ ಸಾಲು ನನಗೆ ಗೊತ್ತಿತ್ತು. ಸಾವಿರ ಸಲ ಕೇಳಿದ್ದೆ. ಆದರೆ ಅದಕ್ಕೆ ಅರ್ಥ ಹೇಳಲು ಬಾಯಿ ತೆರೆದಿದ್ದು ಅವತ್ತೇ ಮೊದಲು. ನನಗೆ ನಾನೂ ಹೇಳಿಕೊಂಡಿರಲಿಲ್ಲ.

“ಮನಿಗೆ ಮನಿನ ಕಿವುಡಾತು,” ಅಂದೆ.

ನೇಮಣ್ಣ ಪಾಟಿ ಎಳೆದುಕೊಂಡು ಬರೆದರು. ಈ ಸಲ ನನಗೆ ತೋರಿಸಲಿಲ್ಲ. ಕಿಟಕಿಯ ಕಡೆ ಹಿಡಿದರು.

‘ಒಮ್ಮೆ ಅಲ್ಲ. ಎರಡು ಸಲ.’

ಸಮ್ಮೇದ ಓದಿದ. 

“ಗೊತ್ತೈತಿ,” ಅಂದ. ಒಂಬತ್ತು ವರ್ಷದ ನಂತರ ಅಪ್ಪನಿಗೆ ಆಡಿದ ಮೊದಲ ಮಾತು. “ಎರಡು ಸಲ ಅಂದ್ರ ಹಾಡಿನ ಮೀಟರ್‌ಗೆ ಕೂಡ್ತಿರಲಿಲ್ಲ.”

ನೇಮಣ್ಣ ಅಂಗೈಯಿಂದ ಪಾಟಿ ಒರೆಸಿದರು. ಒಂದೇ ಶಬ್ದ ಬರೆದರು.

‘ಕೂಡಸು.’

 ಸ್ಟೋಮಾದಲ್ಲಿ ಉಸಿರು ಬಂದು ಹೋಗುವ ಸದ್ದು. ಸಿರಿಂಜ್ ಖಾಲಿಯಾಗಿತ್ತು, ನಾನು ಅದನ್ನು ಎತ್ತಿ ಹಿಡಿದುಕೊಂಡೇ ಇದ್ದೆ.

“ಮನಿ ಕಿವುಡ ಆಗಿದ್ದಿಲ್ಲ,” ಅಂದೆ. ಯಾರಿಗೆ ಅಂದೆನೋ. “ನನಗ ಕೇಳಿಸಿತ್ತು. ಎರಡೂ ಸಲಾ. ಅಡಿಗಿಮನ್ಯಾಗ ನಿಂತಿದ್ದೆ. ಕುಕ್ಕರ್ ಸೀಟಿ ಎಣಿಸಾಕತ್ತಿದ್ದೆ.”

“ಗೊತ್ತೈತಿ ಮಮ್ಮಿ,” ಅಂದ ಸಮ್ಮೇದ, ಬಹಳ ಮೆಲ್ಲಗೆ. “ನಿನ್ನ ಕೈಯಾಗಿನ ಬಂಗಡಿ ಸಪ್ಪಳ ಬರ್ತಿತ್ತು.”

ಅಮ್ಮನ ಬಗ್ಗೆ ಒಂದು ಸಾಲೂ ಇಲ್ಲವೆಂದು ಕೊರಗಿದವಳು ನಾನು. ಇತ್ತು. ವರ್ಷಗಳಿಂದ ಇತ್ತು. ಅವನು ಅದನ್ನು ಸ್ಟೇಜಿನ ಮೇಲೆ ಹಾಡುತ್ತಿದ್ದ, ಜನ ಕೈ ಎತ್ತಿ ಕುಣಿಯುತ್ತಿದ್ದರು.

ಉಳಿದ ಎರಡು ಹಾಡುಗಳನ್ನೂ ಮುಗಿಸಿದೆ. ಫೀಡ್ ಮತ್ತೆ ನಿಲ್ಲಲಿಲ್ಲ. ಹೊಲಿಗೆ ಹಿಡಿಯಿತು. ಹದಿನಾಲ್ಕನೆಯ ದಿನ ಬಣ್ಣದ ನೀರು ಕುಡಿಸಿ ನೋಡಿದರು, ಲೀಕ್ ಇರಲಿಲ್ಲ, ಟ್ಯೂಬ್ ತೆಗೆದರು. ಬಾಯಿಯಿಂದ ಕುಡಿದ ಮೊದಲ ಗುಟುಕು ನೀರಿಗೆ ನೇಮಣ್ಣ ಕೈಮುಗಿದರು. ನೀರಿಗೇ ಮುಗಿದರು, ಯಾವ ದೇವರ ಕಡೆಗೂ ನೋಡಲಿಲ್ಲ. ಆಮೇಲೆ ಆರು ವಾರ ರೇಡಿಯೇಷನ್. ಕುತ್ತಿಗೆಯ ಚರ್ಮ ಸುಟ್ಟ ಹಪ್ಪಳದಂತಾಯಿತು, ರುಚಿ ಸತ್ತಿತು. ನಿಪ್ಪಾಣಿಯಲ್ಲಿ ಅಂಥ ನಾಲಿಗೆ ಇನ್ನೊಂದಿಲ್ಲ ಅಂದವರಿಗೆ ಈಗ ಬೆಲ್ಲವೂ ಮಣ್ಣು. ಒಂದು ದಿನ ಪಾಟಿಯ ಮೇಲೆ ಬರೆದರು, ‘ಇದು ಸರಿ ಐತಿ.’ ನಾನು ಒರೆಸಿದೆ. ಸರಿ ಇಲ್ಲ. ಯಾವ ಶಿಕ್ಷೆಯೂ ಸರಿ ಅಲ್ಲ ಎಂದು ನನ್ನ ಅಭಿಪ್ರಾಯ. ರೋಗ ಯಾರಿಗೂ ಪಾಠ ಹೇಳಲು ಬರುವುದಿಲ್ಲ, ಬರುತ್ತದೆ, ಅಷ್ಟೇ. ಹೇಳಬೇಕಾದ್ದನ್ನು ನಾವು ಹೇಳಿಕೊಳ್ಳಬೇಕು.

ಕ್ಷಮೆ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಳಸಿಲ್ಲ. ವರ್ಷಕ್ಕೊಮ್ಮೆ ಪರ್ವ ಮುಗಿದ ಮೇಲೆ ಎಲ್ಲರೂ ಎಲ್ಲರಿಗೂ ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿದೆ. ಈಗ ಅದು ಮೊಬೈಲಿನಲ್ಲಿ ಫಾರ್ವರ್ಡ್ ಆಗಿ ಬರುತ್ತದೆ, ಹೂವಿನ ಚಿತ್ರದ ಜೊತೆ. ಈ ಸಲ ಪದ್ಮಕ್ಕನೂ ಕಳಿಸಿದಳು. ನಾನೂ ಕಳಿಸಿದೆ. ಅದು ಬೇರೆ ಲೆಕ್ಕ. ಚಿಕ್ಕೋಡಿಯ ಡಾಕ್ಟರಿಗೆ ಮಾತ್ರ ನಾನೇ ಹೋಗಿ ಹೇಳಿ ಬಂದೆ: “ನಾನು ನೋ ಹ್ಯಾಬಿಟ್ಸ್ ಅಂದಿದ್ದೆ. ಅದು ನಿಜವಲ್ಲ. ನಿಪ್ಪಾಣಿಯವರು ಯಾರಾದರೂ ಬಂದರೆ, ತಂಬಾಕು ಪರೀಕ್ಷೆ ಮಾಡುತ್ತೀರಾ ಎಂದು ಕೇಳಿ.” ಅವರು ಎದ್ದು ನಿಂತು, ಬರೆದಿಟ್ಟುಕೊಂಡರು.

ಈಗ ಮೂರು ತಿಂಗಳಿಗೊಮ್ಮೆ ಸ್ಕೋಪ್. ಮೊನ್ನೆಯದು ಕ್ಲಿಯರ್. ಮುಂದಿನದು ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳುವುದು ನನಗೆ ಈಗ ಸುಲಭವಾಗಿದೆ.

ಆಸ್ಪತ್ರೆಯವರು ಒಂದು ಯಂತ್ರ ಕೊಡಿಸಿದ್ದಾರೆ, ಎಲೆಕ್ಟ್ರೋಲ್ಯಾರಿಂಕ್ಸ್. ಟಾರ್ಚಿನಂತಿದೆ. ಗದ್ದದ ಕೆಳಗೆ ಒತ್ತಿ ತುಟಿ ಆಡಿಸಿದರೆ ಮಾತು ಬರುತ್ತದೆ, ದುಂಬಿ ಗುಂಯ್ ಅಂದ ಹಾಗೆ, ಏರಿಳಿತವಿಲ್ಲದೆ. ಈ ಯಂತ್ರದಲ್ಲಿ ಯಾರಿಗೂ ಒದರಲಾಗುವುದಿಲ್ಲ. ನೇಮಣ್ಣ ಪ್ರಯತ್ನಿಸಿದರು, ಬೈಗುಳವೂ ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟಿನಂತೆ ಬಂತು. ನಾನು ನಕ್ಕೆ. ಅವರಿಗೆ ಸಿಟ್ಟು ಬಂತು, ಅದೂ ಹಾಗೆಯೇ ಬಂತು.

ಸಮ್ಮೇದ ಭಾನುವಾರ ಬರುತ್ತಾನೆ. ಕಳೆದ ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು ಒಂಬತ್ತನೆಯ ಹಾಡನ್ನು ಹೊಸದಾಗಿ ಬಾರಿಸಿದ. ಸಾಲು ಉದ್ದವಾಗಿತ್ತು. ತಾಳ ಅಲ್ಲಿ ಒಮ್ಮೆ ಎಡವಿ ಎದ್ದು ಹೋಗುತ್ತಿತ್ತು. ನಾನು ಒಳಗೆ ಸೊಪ್ಪು ಸೋಸುತ್ತಿದ್ದೆ.

“ಏ-ನಂ-ದಾ?” ಎಂದಿತು ಯಂತ್ರ.

“ಮಮ್ಮಿ, ಅರ್ಥಾ ಹೇಳ ಬಾ,” ಎಂದು ಸಮ್ಮೇದ ಕೂಗಿದ.

“ನಾ ಹೇಳಂಗಿಲ್ಲ.”

“ಮಮ್ಮಿ!”

“ನನ್ನ ಕೆಲಸ ಮುಗೀತು. ಐ ಹ್ಯಾವ್ ರಿಟೈರ್ಡ್. ಹಾಡಿದಾಂವ ನೀನು, ಕೇಳಿದವ್ರು ಅವ್ರು. ನಡುವ ನನ್ನ ಯಾಕ ಕರೀತಿ?”

 ಗಿಟಾರನ್ನು ಗೋಡೆಗೆ ಒರಗಿಸಿದ ಸದ್ದು ಬಂತು. ಆಮೇಲೆ ನನ್ನ ಮಗ, ಇಂಗ್ಲಿಷಿಲ್ಲದೆ, ಮೀಟರಿಲ್ಲದೆ, ಅಪ್ಪನ ಮುಖ ನೋಡಿ ಹೇಳಿದ.

“ನೀ ನನಗ ಎರಡ ಸಲಾ ಹೊಡದಿ, ಅಪ್ಪಾ.”

ಯಂತ್ರ ಗುಂಯ್ ಎಂದು, ನಿಂತು, ಮತ್ತೆ ಗುಂಯ್ ಎಂದಿತು.

“ಹೌ-ದು. ಮುಂ-ದ?”

“ಮುಂದಂದ್ರ?”

“ಹಾ-ಡ ಇಷ್ಟ-ಕ್ಕ ಮುಗೀ-ತೇ-ನಲೇ? ಮುಂದಿಂದ ಹೇ-ಳು.”

“ನೀ ಕೇಳಿದ್ರ ಹೇಳ್ತೇನಿ! ನಡುವ ಬಾಯಿ ಹಾಕಬ್ಯಾಡ!”

“ಹಾ-ಕ-ತೇ-ನಿ!”

ಶುರುವಾಯಿತು. ಒಬ್ಬನದು ಏರುವ ಧ್ವನಿ, ಒಬ್ಬರದು ಏರಲಾರದ್ದು. ಮಗ ಐದನೆಯ ಶಬ್ದ ದಾಟಿ ಆರು, ಏಳು, ಹತ್ತಕ್ಕೆ ಹೋದ. ನಾನು ಎದ್ದು ಹೋಗಲಿಲ್ಲ. ಸೊಪ್ಪಿನ ಬುಟ್ಟಿಯನ್ನು ಮಾತ್ರ ಬಾಗಿಲ ಹತ್ತಿರ ಎಳೆದುಕೊಂಡೆ. ಅಲ್ಲಿಂದ ಇಬ್ಬರೂ ಚೆನ್ನಾಗಿ ಕೇಳಿಸುತ್ತಾರೆ.